8 ಜಿಬಿ ರ‍್ಯಾಮ್ ಫುಲ್, ತಿಂದವರ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ

ಮೊದಲು ಲಕ್ಷಣ ಹೇಳಿಬಿಡುತ್ತೇನೆ, ನಿಮ್ಮಲ್ಲೂ ಹೀಗೇ ಇದ್ದರೆ ಮುಂದೆ ಓದಿ. ಬೆಳಿಗ್ಗೆ ಆನ್ ಮಾಡಿದಾಗ ಕಂಪ್ಯೂಟರ್ ಚೆನ್ನಾಗಿ ಓಡುತ್ತದೆ. ಎರಡು ಮೂರು ದಿನ ಆಫ್ ಮಾಡದೆ ಬಿಟ್ಟರೆ ಎಳೆಯಲು ಶುರು. ಮೌಸ್ ಅಲ್ಲಾಡಿಸಿದರೆ ಬಾಣ ಸಾವಕಾಶ ಬರುತ್ತದೆ, ಹಾರ್ಡ್ ಡಿಸ್ಕಿನ ಲೈಟು ನಿಲ್ಲುವುದೇ ಇಲ್ಲ, ಬ್ರೌಸರ್ ತನ್ನಷ್ಟಕ್ಕೆ ಮುಚ್ಚಿಹೋಗುತ್ತದೆ. ರ‍್ಯಾಮ್ ಫುಲ್ ಅಂತ ತೋರಿಸುತ್ತದೆ, ಆದರೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದು ಒಂದೊಂದನ್ನೇ ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿ.

ಉಡುಪಿಯ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ ಪರಿಚಯದ ಅಣ್ಣ ಒಬ್ಬರ ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್, ಸ್ಕ್ಯಾನಿಂಗ್, ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಮಣಿಪಾಲದ ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಎಲ್ಲ ಅಲ್ಲಿ ಆಗುತ್ತದೆ. ಒಳಗಿನ ಕೋಣೆಯ ಹಳೇ ಡೆಸ್ಕ್‌ಟಾಪಿಗೆ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟವನು ನಾನೇ. 8 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಕಳೆದ ನವೆಂಬರಿನಲ್ಲಿ ಫೋನ್ ಬಂತು. "ಮಾರಾಯ, 8 ಜಿಬಿ ಉಂಟು ಅಂತ ಹೇಳಿದ್ದಿ ನೀನು, ಅದೆಲ್ಲ ಎಲ್ಲಿ ಹೋಗ್ತದೆ? ಇನ್ನೊಂದು 8 ಹಾಕಿಬಿಡುವಾ." ಸ್ವಲ್ಪ ನಿಲ್ಲಿ ಅಣ್ಣ, ನೋಡಿ ಹೇಳ್ತೇನೆ ಅಂದೆ. ಅವರು ನಿಲ್ಲಲಿಲ್ಲ, ಆ ಕತೆ ಕೊನೆಗೆ.

ಒಂದು ಮಾತು. ಕಮಾಂಡುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ, ಇಲ್ಲದಿದ್ದರೆ ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ಬೈಯುತ್ತದೆ.

ಫ್ರೀ ಎಂಬ ಕಾಲಂ ನೋಡಿ ಹೆದರಬೇಡಿ

ಕಂಪ್ಯೂಟರ್ ನಿಧಾನ ಆಗಿರುವಾಗಲೇ ಅಳೆಯಬೇಕು. ರೀಸ್ಟಾರ್ಟ್ ಮಾಡಿ ಆಮೇಲೆ ನೋಡಿದರೆ ಕಳ್ಳ ಮನೆ ಬಿಟ್ಟು ಹೋದ ಮೇಲೆ ನಾಯಿ ತಂದ ಹಾಗೆ. ಟರ್ಮಿನಲ್ ತೆರೆದು, ಮೆಮೊರಿಯ ಲೆಕ್ಕ ತೋರಿಸುವ ಫ್ರೀ -ಎಚ್ ಕೊಟ್ಟೆ. ಬಂದದ್ದು ಇಷ್ಟು: ಟೋಟಲ್ 7.6, ಯೂಸ್ಡ್ 5.9, ಫ್ರೀ 0.3, ಶೇರ್ಡ್ 3.2, ಬಫ್/ಕ್ಯಾಶ್ 4.7, ಅವೈಲೆಬಲ್ 1.7. ಕೆಳಗೆ ಸ್ವಾಪ್ (ಮೆಮೊರಿ ಸಾಲದಾಗ ಸಾಮಾನು ತಳ್ಳಲು ಡಿಸ್ಕಿನಲ್ಲಿ ಇಟ್ಟ ಜಾಗ) 2ರಲ್ಲಿ 1.6 ಹೋಗಿದೆ. ಎಲ್ಲ ಜಿಬಿ ಲೆಕ್ಕ.

8 ಹಾಕಿದ್ದು 7.6 ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾರ್ಡ್ ಡಿಸ್ಕಿನಲ್ಲಾದರೆ ಕಂಪನಿಯವರು 1000ದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ತೋರಿಸುತ್ತದೆ, ಅದಕ್ಕೆ ಕಡಿಮೆ ಕಾಣುತ್ತದೆ. ರ‍್ಯಾಮಿಗೆ ಈ ಕಾರಣ ಹೇಳಬೇಡಿ, ತಪ್ಪು. ರ‍್ಯಾಮ್ ಮಾರುವುದೇ 1024ರ ಲೆಕ್ಕದಲ್ಲಿ. ಕಡಿಮೆಯಾದದ್ದು ಮದರ್‌ಬೋರ್ಡಿನ ಗ್ರಾಫಿಕ್ಸ್, ಫರ್ಮ್‌ವೇರ್, ಮತ್ತು ಕರ್ನೆಲ್ (ಲಿನಕ್ಸಿನ ಒಳತಿರುಳು, ಮೆಮೊರಿ ಹಂಚುವುದು ಇದೇ) ಶುರುವಿನಲ್ಲೇ ತನಗೆ ಅಂತ ಎತ್ತಿಟ್ಟುಕೊಂಡ ಪಾಲು.

ಈಗ ಫ್ರೀ 0.3. ಎಲ್ಲರೂ ಹೆದರುವುದು ಇದಕ್ಕೇ. ನಿಜವಾಗಿ ನೋಡಿದರೆ ಈ ಕಾಲಂ ರೋಗದ ಬಗ್ಗೆ ಏನೂ ಹೇಳುವುದಿಲ್ಲ.

ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ ನೆನಪು ಮಾಡಿಕೊಳ್ಳಿ. ಹತ್ತಿ ನೋಡಿದರೆ ಎಲ್ಲ ಸೀಟಿನ ಮೇಲೂ ಏನೋ ಒಂದು ಇದೆ. ಕೆಲವು ಸೀಟಿನಲ್ಲಿ ಜನ ಕೂತಿದ್ದಾರೆ. ಕೆಲವದರ ಮೇಲೆ ಪಕ್ಕದವರ ಬ್ಯಾಗ್ ಇದೆ, "ಸ್ವಲ್ಪ ತೆಗೀರಿ" ಅಂದರೆ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಕೆಲವದರ ಮೇಲೆ ಯಾರೋ ಕಿಟಕಿಯಿಂದ ಎಸೆದ ಕರ್ಚೀಫ್, ಆಸಾಮಿ ಇನ್ನೂ ಬಸ್ಸಿಗೆ ಹತ್ತಿಲ್ಲ. ಪೂರ್ತಿ ಖಾಲಿ ಸೀಟು ಒಂದೂ ಇಲ್ಲ, ಹಾಗಂತ ಕೂರಲು ಜಾಗ ಇಲ್ಲ ಅಂತಲ್ಲ.

ಬ್ಯಾಗ್ ಇಟ್ಟ ಸೀಟೇ ಕ್ಯಾಶ್. ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ. ಡಿಸ್ಕಿನಿಂದ ಒಮ್ಮೆ ಓದಿದ ಕಡತವನ್ನು ಕರ್ನೆಲ್ ರ‍್ಯಾಮಿನಲ್ಲಿ ಹಾಗೇ ಇಟ್ಟುಕೊಂಡಿರುತ್ತದೆ, ಇನ್ನೊಮ್ಮೆ ಕೇಳಿದರೆ ಬೇಗ ಕೊಡಲಿಕ್ಕೆ. ಬೇರೆಯವರಿಗೆ ಜಾಗ ಬೇಕಾದರೆ ಬಿಟ್ಟುಕೊಡುತ್ತದೆ. ಖಾಲಿ ಬಿದ್ದ ರ‍್ಯಾಮ್ ಯಾರಿಗೂ ಉಪಯೋಗವಿಲ್ಲ, ಅದಕ್ಕೇ ಫ್ರೀ ಯಾವಾಗಲೂ ಕಡಿಮೆ. ಕರ್ಚೀಫ್ ಹಾಕಿದ ಸೀಟು ಯಾವುದು ಅಂದರೆ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಟಾಪ್ ಕಮಾಂಡಿನಲ್ಲಿ ಕಾಣುವ ವರ್ಟ್ ಎಂಬ ಕಾಲಂ. ಬ್ರೌಸರಿನ ಮುಂದೆ ಅಲ್ಲಿ ಒಂದು ಟೆರಾಬೈಟಿಗೂ ಮೇಲೆ ತೋರಿಸುವುದುಂಟು. ಅದು ಬರೀ ವಿಳಾಸ ಕಾದಿರಿಸಿದ್ದು, ಕೂತದ್ದಲ್ಲ. ಆ ಕಾಲಂ ಬಿಟ್ಟುಬಿಡಿ.

ನೋಡಬೇಕಾದದ್ದು ಅವೈಲೆಬಲ್. ಕೇಳಿದರೆ ಎಷ್ಟು ಸೀಟು ಸಿಗಬಹುದು ಎಂಬ ಕರ್ನೆಲಿನದೇ ಅಂದಾಜು ಅದು. 2014ರಲ್ಲಿ ಬಂದ ಕರ್ನೆಲ್ 3.14ರಿಂದ ಇದೆ. ಅದಕ್ಕೂ ಮುಂಚೆ ಎಲ್ಲರೂ ಫ್ರೀ ಮತ್ತು ಕ್ಯಾಶ್ ಎರಡನ್ನೂ ಕೂಡಿಸಿ ಸಮಾಧಾನ ಪಟ್ಟುಕೊಳ್ಳುತ್ತಿದ್ದರು, ನಾನೂ ಹಾಗೇ ಮಾಡುತ್ತಿದ್ದೆ. ಆ ಹಳೇ ಅಭ್ಯಾಸದಲ್ಲಿ ಲೆಕ್ಕ ಹಾಕಿದರೆ ಈ ಮಿಷನ್‌ನಲ್ಲಿ 0.3 ಮತ್ತು 4.7 ಸೇರಿ 5 ಜಿಬಿ ಸಿಗಬೇಕು. ಕರ್ನೆಲ್ ಹೇಳುತ್ತಿರುವುದು 1.7. ಮಧ್ಯದ 3.3 ಎಲ್ಲಿ?

ಕೂಡಿಸಿದರೆ ಲೆಕ್ಕ ತಪ್ಪುತ್ತದೆ, ಆ ತಪ್ಪಿನಲ್ಲೇ ಉತ್ತರ ಇದೆ

ಇನ್ನೊಂದು ರೀತಿಯಲ್ಲೂ ನೋಡಿ. ಯೂಸ್ಡ್ 5.9, ಫ್ರೀ 0.3, ಕ್ಯಾಶ್ 4.7. ಮೂರೂ ಸೇರಿದರೆ 10.9. ಮಿಷನ್‌ನಲ್ಲಿ ಇರುವುದೇ 7.6! ಮೊದಲ ಸಲ ಇದನ್ನು ಕಂಡಾಗ ಫ್ರೀ ಕಮಾಂಡಿನಲ್ಲೇ ಬಗ್ ಇರಬೇಕು ಅಂದುಕೊಂಡಿದ್ದೆ. ಬಗ್ ಅಲ್ಲ. ಫ್ರೀ ಕಮಾಂಡಿನ ಹೊಸ ಆವೃತ್ತಿಗಳಲ್ಲಿ ಯೂಸ್ಡ್ ಅಂದರೆ ಟೋಟಲ್‌ನಿಂದ ಅವೈಲೆಬಲ್ ಕಳೆದದ್ದು, ಅಷ್ಟೇ. 7.6ರಲ್ಲಿ 1.7 ಕಳೆದರೆ 5.9. ಅಂದರೆ ಒಂದು ಪಾಲು ರ‍್ಯಾಮ್ ಕ್ಯಾಶ್ ಕಾಲಂನಲ್ಲೂ ಲೆಕ್ಕಕ್ಕೆ ಬಂದಿದೆ, ಬಿಟ್ಟುಕೊಡಲು ಆಗದ್ದು ಅಂತ ಯೂಸ್ಡ್ ಕಾಲಂನಲ್ಲೂ ಬಂದಿದೆ. ಎರಡು ಸಲ ಎಣಿಸಿದ್ದು 10.9ರಲ್ಲಿ 7.6 ಕಳೆದರೆ ಉಳಿಯುವ 3.3.

ಈಗ ಶೇರ್ಡ್ ಕಾಲಂ ನೋಡಿ. 3.2.

ಬಸ್ಸಿನ ಸೀಟಿನ ಮೇಲೆ ಬ್ಯಾಗ್ ಬದಲು ಯಾರೋ ಅಕ್ಕಿ ಮೂಟೆ ಇಟ್ಟು ಹೋಗಿದ್ದಾರೆ. ಇಟ್ಟವರು ಬಸ್ಸಿನಲ್ಲಿ ಇಲ್ಲ, ಎತ್ತಿ ಅಂದರೆ ಎತ್ತಲು ಯಾರೂ ಇಲ್ಲ. ಕಂಡಕ್ಟರ್ ಅದನ್ನೂ ಲಗೇಜ್ ಪಟ್ಟಿಯಲ್ಲೇ ಬರೆದಿದ್ದಾನೆ, ನೀವು ಲಗೇಜ್ ಅಲ್ವಾ, ಸರಿಸಿದರೆ ಆಯ್ತು ಅಂದುಕೊಳ್ಳುತ್ತೀರಿ. ಶೇರ್ಡ್ ಎಂಬುದು ಅಂಥ ಮೂಟೆ. ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ: ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಮೆಮೊರಿ, ಮತ್ತು ಟಿಎಂಪಿಎಫ್‌ಎಸ್, ಅಂದರೆ ನೋಡಲು ಫೋಲ್ಡರ್, ಒಳಗೆ ಹಾಕಿದ್ದೆಲ್ಲ ಕೂರುವುದು ರ‍್ಯಾಮಿನಲ್ಲಿ. ಈ ಕಡತಗಳಿಗೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರುವುದಿಲ್ಲ, ಹಾಗಾಗಿ ಕರ್ನೆಲ್ ಎಸೆಯುವಂತಿಲ್ಲ. ತೀರಾ ಜಾಗ ಇಲ್ಲದಿದ್ದರೆ ಸ್ವಾಪಿಗೆ ತಳ್ಳಬಹುದು, ಅಷ್ಟೇ.

ಪ್ರೋಗ್ರಾಂಗಳ ಪಟ್ಟಿಯಲ್ಲಿ ಇದು ಕಾಣದಿರಲು ಕಾರಣವೂ ಇದೇ. ಟಾಪ್‌ನಲ್ಲಿ ರೆಸ್ ಎಂಬ ಕಾಲಂ ಒಂದು ಪ್ರೋಗ್ರಾಂ ಈಗ ರ‍್ಯಾಮಿನಲ್ಲಿ ಎಷ್ಟು ಇಟ್ಟುಕೊಂಡಿದೆ ಅಂತ ಹೇಳುತ್ತದೆ. ಎಲ್ಲ ಕೂಡಿಸಿದಾಗ ನನಗೆ ಸಿಕ್ಕಿದ್ದು ಸುಮಾರು 2.5. ರೆಸ್ ಕೂಡಿಸುವುದು ಯಾವತ್ತೂ ಜಾಸ್ತಿಯೇ ತೋರಿಸಬೇಕು, ಯಾಕೆಂದರೆ ನಾಲ್ಕು ಪ್ರೋಗ್ರಾಂಗಳು ಒಂದೇ ಲೈಬ್ರರಿ (ಹಂಚಿಕೊಂಡು ಬಳಸುವ ಸಿದ್ಧ ಕೋಡ್) ಬಳಸಿದರೆ ನಾಲ್ಕರ ಲೆಕ್ಕದಲ್ಲೂ ಅದು ಪೂರ್ತಿ ಬರುತ್ತದೆ. ಸರಿಯಾಗಿ ಪಾಲು ಹಾಕಿ ಹೇಳುವ ಲೆಕ್ಕಕ್ಕೆ ಪಿಎಸ್‌ಎಸ್ ಅನ್ನುತ್ತಾರೆ, ಅಲ್ಲಿ ನಾಲ್ವರಿಗೂ ಕಾಲು ಕಾಲು ಪಾಲು. ಇಲ್ಲಿ ಅಷ್ಟು ಕೂದಲು ಸೀಳುವ ಅಗತ್ಯ ಇರಲಿಲ್ಲ. ಜಾಸ್ತಿ ತೋರಿಸುವ ಲೆಕ್ಕವೇ 2.5 ಅಂದರೆ, 5.9ರಲ್ಲಿ ಉಳಿದದ್ದು ಯಾವ ಪ್ರೋಗ್ರಾಮಿನದ್ದೂ ಅಲ್ಲ.

ಅಂತರ ಇದೆ, ಆದರೆ ಶೇರ್ಡ್ ಚಿಕ್ಕದು ಅಂತಾದರೆ ನಿಮ್ಮ ರೋಗ ಬೇರೆ. ಆಗ /ಪ್ರಾಕ್/ಮೆಮ್‌ಇನ್ಫೋ ಕಡತ ತೆರೆದು ಎಸ್‌ಅನ್‌ರಿಕ್ಲೇಮ್ ಸಾಲು ನೋಡಿ. ಅದು ಕರ್ನೆಲ್ ತನಗಾಗಿ ಇಟ್ಟುಕೊಂಡ, ಬಿಡಲಾಗದ ಪಾಲು. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಯಾವುದೋ ಡ್ರೈವರ್ ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಕೊಡದೆ ಸೋರಿಸುತ್ತಿರಬಹುದು. ಹ್ಯೂಜ್‌ಪೇಜಸ್ (ದೊಡ್ಡ ತುಂಡುಗಳಾಗಿ ಮೊದಲೇ ಕಾದಿರಿಸಿದ ಮೆಮೊರಿ) ಸಾಲುಗಳನ್ನೂ ನೋಡಿ, ಡೇಟಾಬೇಸ್ ಹಾಕಿದ ಮಿಷನ್‌ಗಳಲ್ಲಿ ಯಾರೋ ಎತ್ತಿಟ್ಟು ಮರೆತಿರುತ್ತಾರೆ. ಆ ಕಡತದಲ್ಲಿ ಕೆಬಿ ಅಂತ ಬರೆದಿದ್ದರೂ ಲೆಕ್ಕ 1024ರದ್ದೇ.

ನಿಧಾನಕ್ಕೆ ರ‍್ಯಾಮೇ ಕಾರಣವೇ?

ಇದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಸ್ವಾಪ್ 1.6 ತುಂಬಿದೆ ಎಂಬುದೇ ಸಾಕ್ಷಿ ಅಲ್ಲ. ಯಾವತ್ತೋ ಮೂಲೆಗೆ ತಳ್ಳಿದ ಸಾಮಾನು ಅಲ್ಲೇ ತೆಪ್ಪಗೆ ಕೂತಿದ್ದರೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ಓಡಾಟದಲ್ಲಿ. ವಿಎಂಸ್ಟ್ಯಾಟ್ 1 ಅಂತ ಕೊಟ್ಟರೆ ಸೆಕೆಂಡಿಗೆ ಒಂದು ಸಾಲು ಬರುತ್ತದೆ. ಮೊದಲ ಸಾಲು ಬಿಡಿ, ಅದು ಮಿಷನ್ ಆನ್ ಆದಾಗಿನಿಂದ ಈವರೆಗಿನ ಸರಾಸರಿ. ಆಮೇಲಿನ ಸಾಲುಗಳಲ್ಲಿ ಎಸ್‌ಐ, ಎಸ್‌ಒ (ಸ್ವಾಪಿನಿಂದ ಬಂದದ್ದು, ಸ್ವಾಪಿಗೆ ಹೋದದ್ದು) ಎಂಬ ಎರಡು ಕಾಲಂ ಸೊನ್ನೆಯೇ ಇದ್ದರೆ ನಿಮ್ಮ ನಿಧಾನಕ್ಕೆ ಕಾರಣ ಬೇರೆಲ್ಲೋ ಇದೆ, ಡಿಸ್ಕ್ ಸಾಯುತ್ತಿರಬಹುದು, ಫ್ಯಾನಿಗೆ ಧೂಳು ಹಿಡಿದು ಪ್ರೊಸೆಸರ್ ಬಿಸಿಯಾಗಿರಬಹುದು. ಅಂಗಡಿಯ ಮಿಷನ್‌ನಲ್ಲಿ ನಾನು ದೊಡ್ಡದೊಂದು ಫ್ಲೆಕ್ಸ್ ಡಿಸೈನ್ ತೆರೆದ ತಕ್ಷಣ ಎರಡೂ ಕಾಲಂನಲ್ಲಿ ಸಾವಿರಗಟ್ಟಲೆ ಬರಲು ಶುರುವಾಯಿತು. ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ, ತಿರುಗುವ ಡಿಸ್ಕಿನ ಮೇಲೆ. ಇನ್ನು ಮೌಸ್ ಹೇಗೆ ಅಲ್ಲಾಡೀತು.

ಬ್ರೌಸರ್ ತಾನಾಗಿ ಮುಚ್ಚುವುದಕ್ಕೂ ಕಾರಣ ಸಿಕ್ಕಿತು. ಕರ್ನೆಲಿನ ಲಾಗ್ (ದಿನಚರಿ) ತೋರಿಸುವ ಜರ್ನಲ್‌ಸಿಟಿಎಲ್ -ಕೆ ಕೊಟ್ಟು ಹುಡುಕಿದರೆ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್ ಎಂಬ ಸಾಲುಗಳು. ರ‍್ಯಾಮೂ ಸ್ವಾಪೂ ಮುಗಿದಾಗ ಕರ್ನೆಲ್ ಒಬ್ಬರನ್ನು ಬಲಿ ಕೊಡುತ್ತದೆ, ಸಾಮಾನ್ಯವಾಗಿ ಎಲ್ಲರಿಗಿಂತ ದಪ್ಪಗೆ ಕಾಣುವವರನ್ನು. ಪಾಪ ಬ್ರೌಸರ್. ಅದನ್ನು ಕೊಂದರೆ ಅದರ ಜಾಗ ಸಿಗುತ್ತದೆ, ಮೂಟೆ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದು ಯಾವ ಪ್ರೋಗ್ರಾಮಿನದ್ದೂ ಅಲ್ಲ. ಹಾಗಾಗಿ ಲಾಗ್‌ನಲ್ಲಿ ಸತ್ತವರ ಹೆಸರು ನೋಡಿ ಅವರೇ ಕಳ್ಳರು ಅಂತ ತೀರ್ಮಾನ ಮಾಡಬೇಡಿ. ಅಣ್ಣ ಇದೇ ಲೆಕ್ಕದಲ್ಲಿ ಮೂರು ಬ್ರೌಸರ್ ಬದಲಾಯಿಸಿ ನೋಡಿದ್ದರು.

ಮೂಟೆ ಸಿಕ್ಕಿತು

ಡಿಎಫ್ -ಎಚ್ -ಟಿ ಟಿಎಂಪಿಎಫ್‌ಎಸ್ ಅಂತ ಕೊಟ್ಟರೆ ರ‍್ಯಾಮಿನಲ್ಲಿರುವ ಫೋಲ್ಡರುಗಳಷ್ಟೇ ಬರುತ್ತವೆ. /ರನ್, /ಡೆವ್/ಎಸ್‌ಎಚ್‌ಎಂ ಎರಡರಲ್ಲೂ ಏನೂ ಇಲ್ಲ. ತಾತ್ಕಾಲಿಕ ಕಡತಗಳನ್ನು ಇಡುವ /ಟಿಎಂಪಿ ಮಾತ್ರ 3.8ರಲ್ಲಿ 3.7 ತುಂಬಿದೆ. ಶೇರ್ಡ್ 3.2, ಇಲ್ಲಿ 3.7, ಮತ್ತೆ ಅಂತರ ಅನ್ನಬೇಡಿ. ಕೆಲವು ಆಗಲೇ ಸ್ವಾಪಿಗೆ ಹೋಗಿವೆ, ಡಿಎಫ್ ಅದನ್ನೂ ಸೇರಿಸಿ ಹೇಳುತ್ತದೆ.

ಒಳಗೆ ಹೋಗಿ ನೋಡಿದರೆ ಬರೀ ಟಿಫ್ ಎಂಬ ಚಿತ್ರದ ಕಡತಗಳು, ಒಂದೊಂದೂ ಸರಿಯಾಗಿ ಒಂದೇ ಅಳತೆ. ಲೆಕ್ಕ ಹಾಕಿ: ಎ4 ಹಾಳೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಕಲರ್ ಸ್ಕ್ಯಾನ್ ಮಾಡಿದರೆ 2480 ಗುಣಿಸು 3508 ಚುಕ್ಕಿ, ಒಂದು ಚುಕ್ಕಿಗೆ 3 ಬೈಟ್, ಅಂದರೆ ಒಂದು ಪುಟಕ್ಕೆ 2 ಕೋಟಿ 60 ಲಕ್ಷ ಬೈಟ್ ದಾಟುತ್ತದೆ. ಕುಗ್ಗಿಸದೆ ಇಟ್ಟರೆ 150 ಪುಟಕ್ಕೆ 3.7 ಜಿಬಿ ತುಂಬಿತು.

ಇಟ್ಟವರು ಯಾರು? ನಾನೇ. ಅಲ್ಲ, ನಾನು ಬರೆದ ಸ್ಕ್ರಿಪ್ಟು. ಸ್ಕ್ಯಾನರಿನಿಂದ ಪುಟಗಳನ್ನು /ಟಿಎಂಪಿಗೆ ಇಳಿಸಿ, ಪಿಡಿಎಫ್ ಮಾಡಿ, ಆಮೇಲೆ ಅಳಿಸುವ ಸ್ಕ್ರಿಪ್ಟು ಅದು. ಅಳಿಸುವ ಸಾಲು ಕಟ್ಟಕಡೆಗೆ. ಅಂಗಡಿಯ ಹುಡುಗ ಹಾಳೆ ತಿರುಚಿ ಬಿತ್ತು ಅಂತ ಮಧ್ಯದಲ್ಲಿ ಕ್ಯಾನ್ಸಲ್ ಒತ್ತಿದರೆ ಕೊನೆಯ ಸಾಲಿನವರೆಗೆ ಹೋಗುವುದೇ ಇಲ್ಲ, ಪುಟಗಳು ಅಲ್ಲೇ ಉಳಿಯುತ್ತವೆ.

ಆದರೆ ಈ ಸ್ಕ್ರಿಪ್ಟ್ ಎರಡು ವರ್ಷದಿಂದ ಓಡುತ್ತಿದೆ, ಈಗ ಯಾಕೆ ತೊಂದರೆ? ಡೆಬಿಯನ್ 12ರಲ್ಲಿ /ಟಿಎಂಪಿ ಡಿಸ್ಕಿನ ಮೇಲಿತ್ತು. 500 ಜಿಬಿ ಡಿಸ್ಕಿನಲ್ಲಿ 4 ಜಿಬಿ ಕಸ ಯಾರ ಕಣ್ಣಿಗೆ ಬೀಳುತ್ತದೆ, ಮುಂದಿನ ಬೂಟಿನಲ್ಲಿ ಅಳಿಸಿಯೂ ಹೋಗುತ್ತಿತ್ತು. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು, ಅದರಲ್ಲಿ /ಟಿಎಂಪಿ ಟಿಎಂಪಿಎಫ್‌ಎಸ್ ಆಯಿತು, ರ‍್ಯಾಮಿನ ಅರ್ಧದವರೆಗೆ ತುಂಬಬಹುದು. ಹಳೆಯದರಿಂದ ಅಪ್‌ಗ್ರೇಡ್ ಮಾಡಿದವರಿಗೂ ಇದೇ. ರಿಲೀಸ್ ನೋಟ್ಸಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಓದದೆ ಅಪ್‌ಗ್ರೇಡ್ ಒತ್ತಿದವನು ನಾನು.

ನನ್ನನ್ನು ಜಾಸ್ತಿ ದಿನ ಸುತ್ತಾಡಿಸಿದ್ದು ಇನ್ನೊಂದು ವಿಷಯ. ಅಪ್‌ಗ್ರೇಡ್ ಮಾಡಿದ್ದು ಆಗಸ್ಟ್ ಕೊನೆಗೆ, ತೊಂದರೆ ಕಂಡದ್ದು ನವೆಂಬರಿನಲ್ಲಿ. ಅದಕ್ಕೇ ಅಪ್‌ಗ್ರೇಡಿನ ಮೇಲೆ ಸಂಶಯವೇ ಬರಲಿಲ್ಲ. ಆಮೇಲೆ ಹೊಳೆಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕತೆ ಗೊತ್ತಲ್ಲ, ಗಾಳಿ ಬಂದು ತೆಂಗಿನ ಮಡಲು ತಂತಿ ಮೇಲೆ ಬಿದ್ದರೆ ಮುಗೀತು. ಅಂಗಡಿಯ ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಮಿಷನ್ ಆಫ್, ಬಂದಾಗ ಆನ್, ರ‍್ಯಾಮ್ ಚೊಕ್ಕ. ದೀಪಾವಳಿಗೆ ಹೊಸ ಬ್ಯಾಟರಿ ಹಾಕಿಸಿದರು, ಮಳೆಯೂ ನಿಂತಿತು, ಮಿಷನ್ ವಾರಗಟ್ಟಲೆ ಆಫ್ ಆಗದೆ ಓಡಿತು, ಮೂಟೆ ಬೆಳೆಯಿತು. ಹಾಗಾಗಿ "ಯಾವಾಗಿನಿಂದ ಹೀಗೆ" ಅಂತ ಕೇಳುವಾಗ ಜೊತೆಗೆ "ಯಾವಾಗಿನಿಂದ ರೀಸ್ಟಾರ್ಟ್ ಆಗ್ತಾ ಇಲ್ಲ" ಅಂತಲೂ ಕೇಳಿ. ಅಪ್‌ಟೈಮ್ ಎಂಬ ಕಮಾಂಡ್ ಒಂದು ಸೆಕೆಂಡಿನ ಕೆಲಸ.

ಹೊಸದಾಗಿ ಹಾಕಿದ ಡೆಬಿಯನ್ 13ರಲ್ಲಿ /ಟಿಎಂಪಿಯ 10 ದಿನ ದಾಟಿದ ಕಡತಗಳು ತಾವಾಗಿ ಅಳಿಯುತ್ತವೆ, ನನ್ನ ಹಾಗೆ ಅಪ್‌ಗ್ರೇಡ್ ಮಾಡಿದವರಿಗೆ ಅದೂ ಇಲ್ಲ. ಇದ್ದಿದ್ದರೂ ಒಂದೇ ವಾರದಲ್ಲಿ 150 ಪುಟ ಬೀಳುವ ಅಂಗಡಿಗೆ ಅದರಿಂದ ಏನೂ ಪ್ರಯೋಜನ ಆಗುತ್ತಿರಲಿಲ್ಲ.

ಸರಿ ಮಾಡಿದ್ದು

ಹಳೇ ಟಿಫ್ ಅಳಿಸಿದೆ. ರೀಸ್ಟಾರ್ಟ್ ಬೇಡ. ಯೂಸ್ಡ್ 5.9ರಿಂದ 2.8ಕ್ಕೆ ಇಳಿಯಿತು, ಅವೈಲೆಬಲ್ 4.8. ಅಳಿಸಿಯೂ ಇಳಿಯದಿದ್ದರೆ ಯಾವುದೋ ಪ್ರೋಗ್ರಾಂ ಆ ಕಡತವನ್ನು ಇನ್ನೂ ತೆರೆದಿಟ್ಟುಕೊಂಡಿದೆ ಅಂತ ಅರ್ಥ, ಎಲ್‌ಎಸ್‌ಒಎಫ್ +ಎಲ್1 (ಪ್ಲಸ್ ಆದ ಮೇಲಿನ ಎಲ್ ದೊಡ್ಡಕ್ಷರ) ಕೊಟ್ಟರೆ ಅದರ ಹೆಸರು ಬರುತ್ತದೆ, ಅದನ್ನು ಮುಚ್ಚಿ.

ಸ್ಕ್ರಿಪ್ಟಿನಲ್ಲಿ ಎರಡು ಬದಲಾವಣೆ. ಒಂದು, ಶುರುವಿನಲ್ಲೇ ಟ್ರ್ಯಾಪ್ ಹಾಕಿದೆ, ಸ್ಕ್ರಿಪ್ಟ್ ಮುಗಿದರೂ ಕ್ಯಾನ್ಸಲ್ ಆದರೂ ಕಡತ ಅಳಿಯುತ್ತದೆ. ಇದು ಮೊದಲೇ ಇರಬೇಕಿತ್ತು. ಎರಡು, ಟಿಎಂಪಿಡಿಐಆರ್ ಎಂಬ ವೇರಿಯಬಲ್‌ಗೆ /ವಾರ್/ಟಿಎಂಪಿ ಕೊಟ್ಟೆ, ಅದು ಡಿಸ್ಕಿನ ಮೇಲಿದೆ. ಹಳೇ ಥರ /ಟಿಎಂಪಿಯನ್ನೇ ಡಿಸ್ಕಿಗೆ ತರಬೇಕಾದರೆ ಸಿಸ್ಟಮ್‌ಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್ ಕೊಟ್ಟು ರೀಬೂಟ್ ಮಾಡಿದರೆ ಆಯಿತು. ನಾನು ಮಾಡಲಿಲ್ಲ, ಚಿಕ್ಕಪುಟ್ಟ ಕಡತಗಳಿಗೆ ರ‍್ಯಾಮೇ ಒಳ್ಳೆಯದು.

ಕ್ಯಾಶ್ ಖಾಲಿ ಮಾಡುವ ಕಮಾಂಡನ್ನು ಗಂಟೆಗೊಮ್ಮೆ ಓಡಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಸುಮ್ನೆ ಮಾಡಬೇಡಿ. ಡ್ರಾಪ್ ಕ್ಯಾಶಸ್ ಎಂಬ ಆ ಕಮಾಂಡಿನಿಂದ ಎದ್ದು ಹೋಗುವುದು ಹೇಗೂ ಬಿಟ್ಟುಕೊಡುತ್ತಿದ್ದ ಬ್ಯಾಗುಗಳು, ಮೂಟೆ ಕದಲುವುದಿಲ್ಲ. ಆಮೇಲೆ ಎಲ್ಲವನ್ನೂ ಡಿಸ್ಕಿನಿಂದ ಮತ್ತೆ ಓದಬೇಕು, ಇನ್ನೂ ನಿಧಾನ.

ಕೌಂಟರಿನಲ್ಲಿ ಒಂದು ವಿಂಡೋಸ್ ಮಿಷನ್ ಇದೆ, ಅದನ್ನೂ ನೋಡು ಅಂದರು. ಅಲ್ಲಿ ಹೆಸರು ಬೇರೆ, ಬಸ್ಸು ಅದೇ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಸ್ಟ್ಯಾಂಡ್‌ಬೈ ಅಂದರೆ ಬ್ಯಾಗ್ ಇಟ್ಟ ಸೀಟು, ಅವೈಲೆಬಲ್‌ನಲ್ಲಿ ಅದೂ ಸೇರಿದೆ. ಅಲ್ಲಿ ನೋಡಬೇಕಾದ ಇನ್ನೊಂದು ಜೋಡಿ ಕಮಿಟೆಡ್, ಉದಾಹರಣೆಗೆ 9/12 ಅಂತ ಇರುತ್ತದೆ. ಎಡಗಡೆಯದು ಪ್ರೋಗ್ರಾಂಗಳಿಗೆ ವಿಂಡೋಸ್ ಕೊಡುತ್ತೇನೆ ಅಂತ ಮಾತು ಕೊಟ್ಟದ್ದು, ಬಲಗಡೆಯದು ರ‍್ಯಾಮ್ ಮತ್ತು ಪೇಜ್‌ಫೈಲ್ (ವಿಂಡೋಸಿನ ಸ್ವಾಪ್) ಸೇರಿ ಆಗುವ ಮಿತಿ. ಲಿನಕ್ಸ್ ಹಾಗೆ ಇದ್ದಕ್ಕಿಂತ ಜಾಸ್ತಿ ಮಾತು ಕೊಡಲು ವಿಂಡೋಸ್ ಒಪ್ಪುವುದಿಲ್ಲ, ಎಡಗಡೆ ಬಲಗಡೆಗೆ ಮುಟ್ಟಿದರೆ ರ‍್ಯಾಮ್ ಉಳಿದಿದ್ದರೂ ಮೆಮೊರಿ ಇಲ್ಲ ಅಂತ ಪ್ರೋಗ್ರಾಂ ಬೀಳುತ್ತದೆ. ಯಾರೋ ಡಿಸ್ಕ್ ಉಳಿಸಲು ಪೇಜ್‌ಫೈಲ್ ಆಫ್ ಮಾಡಿಟ್ಟಿದ್ದರೆ ಇದು ಬೇಗ ಬರುತ್ತದೆ. ಪಟ್ಟಿಗೂ ಮೊತ್ತಕ್ಕೂ ಹೊಂದದಿದ್ದರೆ ಮೈಕ್ರೋಸಾಫ್ಟಿನದೇ ರ‍್ಯಾಮ್‌ಮ್ಯಾಪ್ ಎಂಬ ಉಚಿತ ಟೂಲ್ ಇದೆ, ಡ್ರೈವರುಗಳು ತಿಂದ ಪಾಲೂ ಅದರಲ್ಲಿ ಕಾಣುತ್ತದೆ. ಕೌಂಟರಿನ ಮಿಷನ್‌ನಲ್ಲಿ ಎಲ್ಲ ಸರಿ ಇತ್ತು.

ಇನ್ನು ರ‍್ಯಾಮಿನ ಕತೆ. ನಾನು ನಿಲ್ಲಿ ಅಂದ ಮರುದಿನವೇ ಅಣ್ಣ 8 ಜಿಬಿಯ ಇನ್ನೊಂದು ಸ್ಟಿಕ್ ತರಿಸಿಯಾಗಿತ್ತು. ತಂದದ್ದು ಡಿಡಿಆರ್3 ಎಂಬ ಹಳೇ ತಲೆಮಾರಿನದು, ಕೌಂಟರಿನ ಹೊಸ ಮಿಷನ್‌ಗೆ ಹಾಕುವಾ ಅಂದರೆ ಅದಕ್ಕೆ ಬೇಕಾದದ್ದು ಡಿಡಿಆರ್4, ಕಚ್ಚು ಬೇರೆ ಕಡೆ, ಕೂರುವುದೇ ಇಲ್ಲ. ಕೊನೆಗೆ ಒಳಗಿನ ಮಿಷನ್‌ಗೇ ಹಾಕಿದೆವು. ಹಾಕಿ ಆನ್ ಮಾಡಿ ಡಿಎಫ್ ಕೊಟ್ಟರೆ /ಟಿಎಂಪಿಯ ಮಿತಿ 3.8 ಇದ್ದದ್ದು 7.8ಕ್ಕೆ ಏರಿತ್ತು, ರ‍್ಯಾಮಿನ ಅರ್ಧ ಅಲ್ವಾ. ಅಣ್ಣನಿಗೆ ತೋರಿಸಿದೆ. "ಅಂದರೆ ಮೊದಲೇ ಇದನ್ನು ಹಾಕಿದ್ದಿದ್ರೆ?" ಅಂತ ಕೇಳಿದರು. 150 ಪುಟದ ಬದಲು 300 ಪುಟ ಆಗುವವರೆಗೆ ಗೊತ್ತಾಗ್ತಿರಲಿಲ್ಲ ಅಣ್ಣ, ಅಂದೆ.